ಊರ ತೋಟ, ಊರ ಹೊಣೆ

(ಸಂಘದ ವಾರ್ಷಿಕೋತ್ಸವದಂದು ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ನಾಲ್ಕು ಮಾತನ್ನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದಾಗ ಯಾವ ವಿಷಯವನ್ನು ಎತ್ತಿಕೊಳ್ಳಬೇಕೆಂದು ನಾವು ಹೆಚ್ಚು ಹುಡುಕಬೇಕಾಗಲಿಲ್ಲ. ವಿಷಯವನ್ನು ನಮಗೆ ಕೊಟ್ಟವಳು ಇದೇ ಶಾಲೆಯ ಏಳನೆಯ ತರಗತಿಯ ಒಬ್ಬ ಹುಡುಗಿ. ಕಳೆದ ಪ್ರವಾಸದಲ್ಲಿ ಮಕ್ಕಳನ್ನು ಕರೆದುಕೊಂಡು ತಾಳವಾಡಿಯಿಂದ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರಗಳ ಮಾರ್ಗವಾಗಿ ಉದಕಮಂಡಲಕ್ಕೆ ಹೋಗಿದ್ದೆವು. ನಾವೆಲ್ಲ ಬಾಯಿಮಾತಿನಲ್ಲಿ ಊಟಿ ಎನ್ನುವ ಆ ಊರಿನ ಸಸ್ಯೋದ್ಯಾನದಲ್ಲಿ ಮಕ್ಕಳು ಹುಲ್ಲುಹಾಸಿನ ಅಂಚಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದರು. ಎದುರಿಗೆ ಒಬ್ಬ ಮಾಲಿ ಬಗ್ಗಿ ಪಾತಿಯ ಕಳೆ ಕೀಳುತ್ತಿದ್ದ. ಅವನನ್ನೇ ನೋಡುತ್ತಿದ್ದ ಆ ಹುಡುಗಿ ನಮ್ಮ ಕಡೆ ತಿರುಗಿ, "ಮೇಷ್ಟ್ರೇ, ಈ ತೋಟ ಯಾರದೂ ಅಲ್ಲ ಅಂದ್ರಲ್ಲ, ಹಂಗಾದ್ರೆ ಅವರಿಗೆ ಸಂಬಳ ಯಾರು ಕೊಡ್ತಾರೆ?" ಎಂದು ಕೇಳಿದಳು.

ನಾವು ಕೂಡಲೇ, "ಸರ್ಕಾರದವರು ಕೊಡ್ತಾರಮ್ಮ" ಎಂದೆವು. "ಸರ್ಕಾರಕ್ಕೆ ಯಾರು ಕೊಡ್ತಾರೆ?" ಎಂದು ಅವಳ ಮರುಪ್ರಶ್ನೆ ಬಂದಿತು. ಸುತ್ತಲಿದ್ದ ಮಕ್ಕಳು ನಕ್ಕರು. ನಾವೂ ನಕ್ಕು ಮಾತು ಮರೆಸಿದೆವು. ಆದರೆ ಹಿಂದಿರುಗುವ ದಾರಿಯುದ್ದಕ್ಕೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮಕ್ಕಳ ಪ್ರಶ್ನೆಗೆ ನಗೆ ಉತ್ತರವಲ್ಲ. ತಡವಾಗಿಯಾದರೂ ಆ ಮಗುವಿಗೆ ಸಲ್ಲಬೇಕಾದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಒಪ್ಪಿಸುತ್ತಿದ್ದೇವೆ. ಈ ಉತ್ತರಕ್ಕೂ ನಮ್ಮ ಶಾಲೆಯ ಹಿಂದಿನ ಹೊಲಕ್ಕೂ ಸಂಬಂಧವುಂಟೆಂಬುದನ್ನು ಕೊನೆಯಲ್ಲಿ ನಿವೇದಿಸುತ್ತೇವೆ.

ಹತ್ತು ಜನರ ಸುಖಕ್ಕಾಗಿ ಮರ ಬೆಳೆಸುವುದು ನಮ್ಮ ನಾಡಿಗೆ ಹೊಸದಲ್ಲ. ದಾರಿಗಳ ಬದಿಯಲ್ಲಿ ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರಗಳನ್ನು ನೆಡಿಸಿದೆನೆಂದು ಅಶೋಕ ಚಕ್ರವರ್ತಿ ತನ್ನ ಸ್ತಂಭಶಾಸನದಲ್ಲಿ ಬರೆಯಿಸಿದ್ದಾನೆ. ನಮ್ಮ ಮೈಸೂರು ಸೀಮೆಯ ಹಳ್ಳಿಗಳ ಹೊರಗೆ ಗುಂಡುತೋಪುಗಳಿದ್ದವು. ಕೆಲವೆಡೆ ಇಂದಿಗೂ ಇವೆ. ಮಾವು, ಹುಣಸೆ, ಹೊಂಗೆ, ನೇರಳೆಗಳ ಆ ತೋಪು ಯಾರೊಬ್ಬರ ಸ್ವತ್ತೂ ಅಲ್ಲ. ಸಂತೆಗೆ ಹೊರಟ ಗಾಡಿ ಅಲ್ಲಿ ನಿಲ್ಲುತ್ತಿತ್ತು, ಮೇಯಲು ಹೋದ ದನ ಅಲ್ಲಿ ಮಲಗುತ್ತಿತ್ತು, ಊರಿನ ಪಂಚಾಯಿತಿ ಅಲ್ಲಿ ಕೂಡುತ್ತಿತ್ತು. ಇಂದು ಪಟ್ಟಣದವರು ಪಾರ್ಕು ಎನ್ನುವುದನ್ನು ನಮ್ಮ ಹಿರಿಯರು ತೋಪು ಎಂದರು.

ಅದಕ್ಕಿಂತಲೂ ಗಮನಿಸಬೇಕಾದದ್ದು ಅವರು ಖರ್ಚಿಗೆ ಮಾಡಿದ ಏರ್ಪಾಡು. ಕೆರೆ ಕಟ್ಟಿಸಿದವರು ಕೆರೆಯನ್ನಷ್ಟೇ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಅದರ ಹೂಳೆತ್ತಲು, ಏರಿಗೆ ಮಣ್ಣು ಹಾಕಲು, ತೂಬು ಕಾಯಲು ಒಂದಿಷ್ಟು ಭೂಮಿಯನ್ನು ಬಿಟ್ಟುಕೊಟ್ಟರು. ಕೆರೆಗೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಇದಕ್ಕಾಗಿಯೇ. ಕಟ್ಟುವುದು ಒಂದು ದಿನದ ಪುಣ್ಯ, ಕಾಪಾಡುವುದು ಪ್ರತಿದಿನದ ಕೂಲಿ ಎಂಬ ತಿಳಿವು ಅವರಿಗಿತ್ತು. ಸಾರ್ವಜನಿಕ ಉದ್ಯಾನಗಳ ಹಣದ ಕಥೆಯೆಲ್ಲವೂ ಈ ಒಂದು ಮಾತಿನ ವಿಸ್ತಾರವೆಂದರೆ ತಪ್ಪಾಗಲಾರದು.

ಈಗ ಬೆಂಗಳೂರಿನ ಲಾಲ್‌ಬಾಗನ್ನು ನೋಡೋಣ. 1760ರಲ್ಲಿ ಹೈದರಾಲಿ ಅದನ್ನು ಆರಂಭಿಸಿದನು; ಟಿಪ್ಪು ಸುಲ್ತಾನನು ದೂರ ದೇಶಗಳಿಂದ ಸಸಿಗಳನ್ನು ತರಿಸಿ ಬೆಳೆಸಿದನು. ಅಂದು ಅದು ದೊರೆಯ ತೋಟ, ದೊರೆಯ ಬೊಕ್ಕಸದ ಖರ್ಚು. ದೊರೆಗೆ ಮನಸ್ಸಿದ್ದಷ್ಟು ಕಾಲ ತೋಟಕ್ಕೆ ನೀರು. ದೊರೆತನ ಬದಲಾದ ಮೇಲೆ ಅದು ಹಲವು ಕೈಗಳನ್ನು ದಾಟಿ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅಂದಿನಿಂದ ಅದರ ಖರ್ಚು ಜನರು ತೆತ್ತ ಕಂದಾಯದಿಂದ ಬರತೊಡಗಿತು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತು. ಕ್ಯಾಮರನ್, ಕ್ರುಂಬಿಗಲ್, ಜವರಾಯ, ಮರಿಗೌಡ ಮೊದಲಾದ ಅಧಿಕಾರಿಗಳು ಒಬ್ಬರ ನಂತರ ಒಬ್ಬರು ಅದನ್ನು ತಮ್ಮ ಮನೆಯ ಹಿತ್ತಿಲಿನಂತೆ ಸಾಕಿದರು. ಹೈದರನ ಕಾಲದ ಸುಮಾರು 40 ಎಕರೆಯ ತೋಟ ಇಂದು 240 ಎಕರೆಯಾಗಿದೆ. ಜನವರಿಯಲ್ಲಿಯೂ ಆಗಸ್ಟಿನಲ್ಲಿಯೂ ಫಲಪುಷ್ಪ ಪ್ರದರ್ಶನ ನಡೆದಾಗ ಜನ ಟಿಕೆಟ್ಟು ಕೊಂಡು ಒಳಗೆ ಹೋಗುತ್ತಾರೆ. ಹೀಗೆ ಒಂದೇ ತೋಟದಲ್ಲಿ ದೊರೆಯ ಬೊಕ್ಕಸ, ಸರ್ಕಾರದ ಆಯವ್ಯಯ, ನೋಡುಗರ ಟಿಕೆಟ್ಟು ಎಂಬ ಮೂರು ಕಾಲುವೆಗಳು ಬೇರೆ ಬೇರೆ ಕಾಲದಲ್ಲಿ ಹರಿದಿವೆ.

ನಮ್ಮ ಮಕ್ಕಳು ಬುತ್ತಿ ಉಂಡ ಊಟಿಯ ತೋಟದ ಕಥೆ ಬೇರೆ. ಅದು ಹುಟ್ಟಿದ್ದು ಅರಮನೆಯಲ್ಲಲ್ಲ, ಅಡುಗೆಮನೆಯಲ್ಲಿ! ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ನೆಲೆಸಿದ್ದ ಐರೋಪ್ಯರು ಅಗ್ಗದ ದರದಲ್ಲಿ ತರಕಾರಿ ಸಿಗಬೇಕೆಂದು ತಿಂಗಳಿಗೆ ತಲಾ 3 ರೂಪಾಯಿ ವಂತಿಗೆ ಹಾಕಿ ಒಂದು ತರಕಾರಿ ತೋಟ ಮಾಡಿದರು. ಆ ಏರ್ಪಾಡು ಬಹುಕಾಲ ನಿಲ್ಲಲಿಲ್ಲ. ಬಳಿಕ, ಮದರಾಸಿನ ಗವರ್ನರಾಗಿದ್ದ ಟ್ವೀಡೇಲ್ ಪ್ರಭುವಿನ ಕಾಲದಲ್ಲಿ, ಅಲ್ಲೊಂದು ಸಾರ್ವಜನಿಕ ಉದ್ಯಾನವೇ ಆಗಬೇಕೆಂಬ ಯೋಚನೆ ಬಲಿಯಿತು. ಲಂಡನ್ನಿನ ಬಳಿಯ ಕ್ಯೂ ತೋಟದಲ್ಲಿ ಪಳಗಿದ ಮ್ಯಾಕ್‌ಐವರ್ ಎಂಬಾತ 1848ರಲ್ಲಿ ಬಂದನು. ಆಗ ಆ ಜಾಗದ ಮೇಲ್ಭಾಗ ಕಾಡು, ಕೆಳಭಾಗ ಜೌಗು. ಜೌಗಿನ ನೀರನ್ನು ಬಸಿದು, ಇಳಿಜಾರನ್ನು ಮಟ್ಟಮಾಡಿ, ದಾರಿಗಳನ್ನು ಕಡಿದು ತೋಟವನ್ನು ರೂಪಿಸಲು ಅವನಿಗೆ ಹತ್ತಾರು ವರ್ಷಗಳು ಹಿಡಿದವು. ಇಂದು ಅದು ಸುಮಾರು 55 ಎಕರೆಯ ತೋಟ. ತಮಿಳುನಾಡು ಸರ್ಕಾರದ ತೋಟಗಾರಿಕೆ ಇಲಾಖೆ ಅದನ್ನು ನಡೆಸುತ್ತಿದೆ. ಅದರ ಮೇಲುಗಡೆ ತೋಡರ ಮಂದು ಇಂದಿಗೂ ಇದೆ. ತೋಟಕ್ಕಿಂತ ಮೊದಲು ಆ ಬೆಟ್ಟ ಅವರ ಎಮ್ಮೆಗಳ ಹುಲ್ಲುಗಾವಲಾಗಿತ್ತೆಂಬುದನ್ನು ಅಲ್ಲಿಗೆ ಹೋದವರು ಮರೆಯಬಾರದು.

ಈ ಕಥೆಯಿಂದ ಒಂದು ಪಾಠವಿದೆ. ವಂತಿಗೆ ಕಿಚ್ಚು ಹೊತ್ತಿಸಬಲ್ಲುದು. ಒಲೆಯನ್ನು ಅನುದಿನ ಉರಿಸುವುದು ವಂತಿಗೆಯೊಂದರಿಂದಲೇ ಕಷ್ಟ. ಮೊದಲ ವರ್ಷ ಎಲ್ಲರೂ ಕೊಡುತ್ತಾರೆ, ಎರಡನೆಯ ವರ್ಷ ಅರ್ಧ ಜನ ಕೊಡುತ್ತಾರೆ, ಮೂರನೆಯ ವರ್ಷ ಕಾರ್ಯದರ್ಶಿ ಮನೆಮನೆ ಸುತ್ತುತ್ತಾನೆ. ನಮ್ಮ ಸಂಘದ ಲೆಕ್ಕದ ಪುಸ್ತಕ ಬರೆದವರಿಗೆ ಇದನ್ನು ಹೇಳಿಕೊಡಬೇಕಾದದ್ದಿಲ್ಲ.

ಇನ್ನು ಸಮುದ್ರದಾಚೆಯ ಒಂದೆರಡು ಮಾತು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎದುರು ದಡದಲ್ಲಿ ಬರ್ಕನ್‌ಹೆಡ್ ಎಂಬ ಊರಿದೆ. ಕಾರ್ಖಾನೆ, ಹಡಗುಕಟ್ಟೆಗಳಿಂದ ಆ ಪ್ರದೇಶ ತುಂಬುತ್ತಿದ್ದ ಕಾಲದಲ್ಲಿ, ದುಡಿಯುವ ಜನರಿಗೆ ಉಸಿರಾಡಲು ಜಾಗ ಬೇಕೆಂದು ಊರಿನವರು ಯೋಚಿಸಿ, 1843ರಲ್ಲಿ ಪಾರ್ಲಿಮೆಂಟಿನಿಂದ ಶಾಸನವನ್ನೇ ಪಡೆದು, ಸಾರ್ವಜನಿಕ ಹಣದಿಂದ 226 ಎಕರೆ ನೆಲವನ್ನು ಕೊಂಡರು. ಅದರಲ್ಲಿ 125 ಎಕರೆಯನ್ನು ಉದ್ಯಾನಕ್ಕೆಂದು ಮೀಸಲಿಟ್ಟು, ಸುತ್ತಲಿನ ಉಳಿದ ನೆಲವನ್ನು ಮನೆ ನಿವೇಶನಗಳಾಗಿ ಮಾರಿದರು. ತೋಟದ ಎದುರಿನ ನಿವೇಶನವೆಂದರೆ ಬೆಲೆ ಹೆಚ್ಚು. ಆ ಹೆಚ್ಚಿನ ಬೆಲೆಯೇ ತೋಟದ ಖರ್ಚಿಗೆ ಒದಗಿತು. 1847ರಲ್ಲಿ ಅದು ಎಲ್ಲರಿಗೂ ತೆರೆಯಿತು. ಅಮೆರಿಕದ ಓಲ್ಮ್‌ಸ್ಟೆಡ್ ಎಂಬಾತ 1850ರಲ್ಲಿ ಅದನ್ನು ನೋಡಿ ಬೆರಗಾದನು. ಮುಂದೆ ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕನ್ನು ವಾಕ್ಸ್ ಎಂಬ ಜತೆಗಾರನೊಡನೆ ರೂಪಿಸಿದವನು ಇವನೇ.

ಆ ಸೆಂಟ್ರಲ್ ಪಾರ್ಕು 843 ಎಕರೆಯದು. ಅದರ ಚರಿತ್ರೆಯಲ್ಲಿ ಎರಡು ಸಂಗತಿಗಳನ್ನು ಮುಚ್ಚಿಡದೆ ಹೇಳಬೇಕು. ಮೊದಲನೆಯದು, ಆ ನೆಲ ಬರಿದಾಗಿರಲಿಲ್ಲ. ಸೆನೆಕಾ ಎಂಬ ಹೆಸರಿನ, ಕರಿಯ ಜನ ತಮ್ಮದೆಂದು ನೆಲ ಕೊಂಡು ಮನೆ, ಇಗರ್ಜಿ, ಶಾಲೆಗಳನ್ನು ಕಟ್ಟಿಕೊಂಡಿದ್ದ ಒಂದು ಹಳ್ಳಿ ಅಲ್ಲಿತ್ತು. ಅದೂ ಸೇರಿ ಸುಮಾರು 1,600 ಜನರನ್ನು ಅಲ್ಲಿಂದ ಎಬ್ಬಿಸಲಾಯಿತು. ಎಲ್ಲರ ತೋಟಕ್ಕಾಗಿ ಕೆಲವರು ಮನೆ ಕಳೆದುಕೊಂಡರು. ತೋಟದ ಬೆಲೆಯನ್ನು ಎಣಿಸುವಾಗ ಹಣವನ್ನಷ್ಟೇ ಎಣಿಸಿದರೆ ಲೆಕ್ಕ ಪೂರ್ತಿಯಾಗದು. ಎರಡನೆಯದು, 1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಖಜಾನೆ ಬರಿದಾಯಿತು. ಆಗ ಹುಲ್ಲು ಒಣಗಿತು, ಬೆಂಚುಗಳು ಮುರಿದವು, ಸಂಜೆಯಾದ ಮೇಲೆ ಒಳಗೆ ಕಾಲಿಡಲು ಜನ ಅಂಜುವಂತಾಯಿತು. 1980ರಲ್ಲಿ ನಾಗರಿಕರು ಒಂದು ಸಂಸ್ಥೆಯನ್ನು ಕಟ್ಟಿ, ದಾನಿಗಳಿಂದ ಹಣ ಕೂಡಿಸಿ, ನಗರಸಭೆಯೊಡನೆ ಕೈಜೋಡಿಸಿ ಅದನ್ನು ಮತ್ತೆ ಚಿಗುರಿಸಿದರು. ಇಂದು ಅದರ ವೆಚ್ಚದ ಬಹುಪಾಲು ದಾನದಿಂದಲೇ ನಡೆಯುತ್ತದೆ. ಇದು ಮೆಚ್ಚತಕ್ಕದ್ದೇ. ಆದರೆ ಶ್ರೀಮಂತರ ಮನೆಗಳು ಸುತ್ತುವರಿದ ತೋಟಕ್ಕೆ ದಾನಿಗಳು ಸಿಗುತ್ತಾರೆ. ಬಡವರ ಕೇರಿಯ ಪುಟ್ಟ ತೋಟಕ್ಕೆ ಯಾರು ಸಿಗುತ್ತಾರೆ? ದಾನವನ್ನೇ ನಂಬಿದರೆ ಎಲ್ಲಿ ನೆರಳು ಹೆಚ್ಚು ಬೇಕೋ ಅಲ್ಲಿಯೇ ನೆರಳು ಕಡಿಮೆಯಾಗುವ ಅಪಾಯವುಂಟು. ತೆರಿಗೆಯ ಹಣ ಬೇಕಾಗುವುದು ಇದಕ್ಕಾಗಿ.

ಅದೇ ದೇಶದ ಯೆಲ್ಲೋಸ್ಟೋನ್ ಎಂಬ ಮಹಾವನವನ್ನು 1872ರಲ್ಲಿ ಶಾಸನದಿಂದ ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಸಾರಿದರೇ ಹೊರತು ಕಾಸು ಕೊಡಲಿಲ್ಲ. ಮೊದಲ ಮೇಲ್ವಿಚಾರಕನಿಗೆ ಸಂಬಳವೇ ಇರಲಿಲ್ಲ. ಬೇಟೆಗಾರರೂ ಕಲ್ಲುಕೀಳುವವರೂ ಮನಬಂದಂತೆ ಲೂಟಿ ಮಾಡಿದರು. ಕೊನೆಗೆ 1886ರಲ್ಲಿ ಸೈನ್ಯವನ್ನೇ ಕಾವಲಿಗೆ ಕಳುಹಿಸಬೇಕಾಯಿತು. ಕಾಗದದ ಮೇಲಿನ ಬೇಲಿಯನ್ನು ಮೇಕೆಯೂ ಲಕ್ಷ್ಯ ಮಾಡದು.

ವಿದ್ಯಾರ್ಥಿಗಳೇ, ಈಗ ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೂಡಿಬಂದಿತು. ಮಾಲಿಗೆ ಸಂಬಳ ಕೊಡುವವರು ನೀವೇ. ನಿಮ್ಮ ತಂದೆ ಅಂಗಡಿಯಲ್ಲಿ ಸಾಬೂನು ಕೊಂಡಾಗ, ಮೋಟಾರು ಬೈಸಿಕಲ್ಲಿಗೆ ಪೆಟ್ರೋಲು ಹಾಕಿಸಿದಾಗ ಸರ್ಕಾರಕ್ಕೆ ಹೋದ ಹಣದಲ್ಲಿ ಒಂದು ಕಾಸು ಆ ಮಾಲಿಯ ಕೈಗೆ ಬಂದಿದೆ. ಬಾಗಿಲಲ್ಲಿ ನಾವು ಕೊಂಡ ಟಿಕೆಟ್ಟಿನ ಹಣವೂ ಅದರೊಡನೆ ಸೇರಿದೆ. ಅದರಿಂದ ಆ ತೋಟ ಯಾರದೂ ಅಲ್ಲವೆಂದು ನಾವು ಹೇಳಿದ್ದು ತಪ್ಪು, ಅದು ಎಲ್ಲರದು. ಈ ಎರಡು ಮಾತುಗಳಿಗೆ ಭೂಮ್ಯಾಕಾಶಗಳ ಅಂತರವಿದೆ. ಯಾರದೂ ಅಲ್ಲದ ಹೂವನ್ನು ಕಿತ್ತರೆ ಕೇಳುವವರಿಲ್ಲ. ಎಲ್ಲರ ಹೂವನ್ನು ಕಿತ್ತರೆ ಪ್ರತಿಯೊಬ್ಬರೂ ಕೇಳಬಹುದು.

ಹಣ ಹೇಗೆ ಬರುತ್ತದೆಂದಾಯಿತು. ಇಷ್ಟು ಹಣವನ್ನು ಸುರಿದು ಕಾಪಾಡುವುದಾದರೂ ಏನನ್ನು? ಬರಿಯ ಹೂವಿನ ಅಂದವನ್ನೇ?

ಲಾಲ್‌ಬಾಗಿನೊಳಗೆ ಒಂದು ಬಂಡೆಯಿದೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಂಗಳೂರಿನ ಸುತ್ತಮುತ್ತ ಇಂತಹ ಎಷ್ಟೋ ಬಂಡೆಗಳನ್ನು ಜಲ್ಲಿಗಾಗಿ ಒಡೆದು ಹಾಕಿದರು. ಇದು ಉಳಿದದ್ದು ಹೂತೋಟದೊಳಗೆ ಸೇರಿಕೊಂಡಿದ್ದರಿಂದ. ಹೂವನ್ನು ಕಾಯಹೋಗಿ ಜನರು ಭೂಮಿಯ ಚರಿತ್ರೆಯನ್ನೇ ಕಾದಂತಾಯಿತು.

ಉದ್ಯಾನ ನೀರನ್ನು ಕಾಪಾಡುತ್ತದೆ. ಮಳೆ ಬಂದಾಗ ಸಿಮೆಂಟಿನ ಅಂಗಳದ ನೀರು ಚರಂಡಿಗೆ ಓಡುತ್ತದೆ. ಮರದ ಬುಡದ ನೀರು ಎಲೆಕಸದ ಮೇಲೆ ತಂಗಿ, ಬೇರಿನ ಸಂದಿನಲ್ಲಿ ಇಳಿದು, ಬಾವಿಯ ಒರತೆಯನ್ನು ಸೇರುತ್ತದೆ. ಬೋರ್‌ವೆಲ್ಲುಗಳನ್ನು ಆಳ ಆಳಕ್ಕೆ ಕೊರೆಯಿಸಿ ದಣಿದ ನಮ್ಮ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ಯಾನ ತಂಪನ್ನು ಕಾಪಾಡುತ್ತದೆ. ಎಲೆಗಳು ಉಸಿರಾಡುವಾಗ ಹೊರಬಿಡುವ ನೀರಾವಿಯಿಂದ ಸುತ್ತಲಿನ ಗಾಳಿಯ ಕಾವು ಇಳಿಯುತ್ತದೆ. ಉದ್ಯಾನ ಬೀಜವನ್ನು ಕಾಪಾಡುತ್ತದೆ. ನಾವು ಸೀಮೆಬದನೆ ಎಂದು ಹುಳಿಗೆ ಹಾಕುವ ಕಾಯಿ ಬೆಂಗಳೂರಿನ ಸೀಮೆಗೆ ಬಂದದ್ದು ಲಾಲ್‌ಬಾಗಿನ ಕ್ಯಾಮರನ್ನನ ಕಾಲದಲ್ಲಿ.

ಇವೆಲ್ಲಕ್ಕಿಂತ ಮಿಗಿಲಾಗಿ ಉದ್ಯಾನ ಕಾಪಾಡುವ ಒಂದು ವಸ್ತು ಕಣ್ಣಿಗೆ ಕಾಣುವುದಿಲ್ಲ. ಅದು ಸುಮ್ಮನೆ ಕುಳಿತುಕೊಳ್ಳುವ ಹಕ್ಕು. ಹೋಟೆಲಿನಲ್ಲಿ ಕುಳಿತರೆ ಕಾಫಿ ಕೊಳ್ಳಬೇಕು, ಅಂಗಡಿಯ ಮುಂದೆ ನಿಂತರೆ ಏನು ಬೇಕೆಂದು ಕೇಳುತ್ತಾರೆ. ಏನನ್ನೂ ಕೊಳ್ಳದೆ, ಯಾರಿಗೂ ಸಲಾಮು ಹೊಡೆಯದೆ, ಜಾತಿ ಕುಲಗಳನ್ನು ಹೇಳದೆ, ಕೂಲಿಯಾಳೂ ಕಲೆಕ್ಟರನೂ ಒಂದೇ ಮರದ ನೆರಳಿನಲ್ಲಿ ಕೂರಬಹುದಾದ ಜಾಗಗಳು ಲೋಕದಲ್ಲಿ ಬಹಳವಿಲ್ಲ. ಅಂತಹ ಜಾಗದಲ್ಲಿ ಆಡಿ ಬೆಳೆದ ಮಗು ಸಮಾನತೆಯನ್ನು ಪುಸ್ತಕಕ್ಕಿಂತ ಮೊದಲು ನೆಲದಿಂದಲೇ ಕಲಿಯುತ್ತದೆ.

ಇದನ್ನರಿತೇ ನಮ್ಮ ನಾಡಿನ ಶಾಸನಗಳೂ ನಡೆದಿವೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡುವ ಕಾಯಿದೆಯೊಂದು ಈ ರಾಜ್ಯದಲ್ಲಿ 1959ರಿಂದಲೇ ಇದೆ. ಹತ್ತು ಸಾವಿರ ಚದರ ಮೀಟರಿಗೆ ಮೇಲ್ಪಟ್ಟ ಬಡಾವಣೆ ಮಾಡುವವರು, ರಸ್ತೆಗಳನ್ನು ಬಿಟ್ಟು ಉಳಿದ ನೆಲದಲ್ಲಿ ನೂರಕ್ಕೆ 10 ಪಾಲನ್ನು ತೆರೆದ ಜಾಗವಾಗಿ ಮೀಸಲಿಡಬೇಕೆಂಬ ನಿಯಮವೂ ಇಲ್ಲಿದೆ. ಕರ್ನಾಟಕದಲ್ಲಿ 1975ರ ಕಾಯಿದೆ ಲಾಲ್‌ಬಾಗು, ಕಬ್ಬನ್ ಪಾರ್ಕುಗಳ ನೆಲವನ್ನು ಮಾರಬಾರದು, ಗುತ್ತಿಗೆಗೆ ಕೊಡಬಾರದು ಎಂದು ತಡೆಯಿತು. 1992ರ ತಿದ್ದುಪಡಿ ಕಾಯಿದೆಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಉದ್ಯಾನ, ತೋಟ, ಆಟದ ಬಯಲುಗಳನ್ನು ಒದಗಿಸುವುದು ನಗರಸಭೆಗಳ ಕೆಲಸಗಳಲ್ಲೊಂದೆಂದು ಬರೆದಿದೆ.

ಕಾಯಿದೆಯಿದ್ದ ಮಾತ್ರಕ್ಕೆ ತೋಟ ಉಳಿಯುವುದೇ ಎಂದರೆ, ಬೆಂಗಳೂರಿನ ಒಂದು ಮೊಕದ್ದಮೆಯನ್ನು ನೆನೆಯಬೇಕು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ನಕಾಶೆಯಲ್ಲಿ ಗುರುತಿಸಿದ್ದ ಜಾಗವನ್ನು ಖಾಸಗಿ ಚಿಕಿತ್ಸಾಲಯವೊಂದನ್ನು ಕಟ್ಟಲು ಕೊಟ್ಟರು. ಚಿಕಿತ್ಸಾಲಯವೂ ಜನೋಪಕಾರಿಯೇ ಅಲ್ಲವೇ ಎಂಬುದು ಕೊಟ್ಟವರ ವಾದ. ಮುದ್ದಪ್ಪನವರೇ ಮೊದಲಾದ ಅಲ್ಲಿನ ನಿವಾಸಿಗಳು ಒಪ್ಪಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿಯೇ ತೀರ್ಪಿತ್ತಿತು. ಉದ್ಯಾನಕ್ಕೆಂದು ಮೀಸಲಿಟ್ಟ ನೆಲವನ್ನು ಖಾಸಗಿಯವರಿಗೆ ವಹಿಸಲಾಗದು, ಅದನ್ನು ಪ್ರಶ್ನಿಸುವ ಅಧಿಕಾರ ಅಲ್ಲಿ ವಾಸಿಸುವ ಸಾಮಾನ್ಯ ಜನರಿಗುಂಟು ಎಂಬುದು ಅದರ ಸಾರಾಂಶ. ತೋಟವನ್ನು ಕಬಳಿಸಲು ಬರುವವನು ಯಾವಾಗಲೂ ದುಷ್ಟನ ವೇಷದಲ್ಲಿ ಬರುವುದಿಲ್ಲ. ಬಹುಮಟ್ಟಿಗೆ ಅವನು ಬರುವುದು ಮತ್ತೊಂದು ಒಳ್ಳೆಯ ಕೆಲಸದ ಹೆಸರು ಹೇಳಿಕೊಂಡೇ.

ಪೋಷಕ ಮಹನೀಯರೇ, ಈ ಮಾತು ಈಗ ನಮ್ಮ ಬಾಗಿಲಿಗೇ ಬಂದಿದೆ. ನಮ್ಮ ಶಾಲೆಯ ಹಿಂದೆ ಒಂದೂವರೆ ಎಕರೆಯ ಹೊಲವಿದೆ. ಈ ಊರಿನ ಒಬ್ಬ ತಾಯಿ, ಓದು ಬರಹವರಿಯದವರು, ಮಕ್ಕಳು ನೆರಳಿನಲ್ಲಿ ಆಡಿಕೊಂಡಿರಲೆಂದು ಅದನ್ನು ಸಂಘಕ್ಕೆ ಧಾರೆಯೆರೆದರು. ಅಂದು ಅದರ ಪಕ್ಕ ಗಾಡಿದಾರಿಯಿತ್ತು. ಇಂದು ಡಾಂಬರು ರಸ್ತೆಯಿದೆ. ರಸ್ತೆಯ ಬದಿಗೆ ಎಂಟು ಮಳಿಗೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟರೆ ಶಿಕ್ಷಕರ ಗೌರವಧನಕ್ಕೂ ಸೋರುವ ಹೆಂಚಿಗೂ ದಾರಿಯಾಗುವುದೆಂಬ ಸೂಚನೆ ಸಂಘದ ಮುಂದಿದೆ. ಸೂಚಿಸಿದವರು ಶಾಲೆಯ ಹಿತವನ್ನೇ ಬಯಸುವವರು; ಅವರ ಮೇಲೆ ನಮಗೆ ಎಳ್ಳಷ್ಟೂ ಅಸಮಾಧಾನವಿಲ್ಲ. ಗಡಿಯ ಈ ಮೂಲೆಯಲ್ಲಿ ಕನ್ನಡ ಶಾಲೆಯೊಂದನ್ನು ನಡೆಸುವ ಕಷ್ಟ ಎಷ್ಟೆಂಬುದು ನಮಗೆ ಗೊತ್ತು. ಬರ್ಕನ್‌ಹೆಡ್ಡಿನವರೂ ಅಂಚನ್ನು ಮಾರಿ ನಡುವನ್ನು ಉಳಿಸಿಕೊಳ್ಳಲಿಲ್ಲವೇ ಎಂದು ಅವರು ನಮ್ಮನ್ನೇ ಕೇಳಬಹುದು.

ಕೇಳತಕ್ಕ ಮಾತೇ. ಆದರೆ ಬರ್ಕನ್‌ಹೆಡ್ಡಿನವರಿಗೆ 226 ಎಕರೆಯಿತ್ತು. ಯಾವುದು ತೋಟ, ಯಾವುದು ನಿವೇಶನ ಎಂಬುದನ್ನು ಅವರು ಮೊದಲೇ ಗೆರೆ ಎಳೆದು ನಿರ್ಧರಿಸಿದ್ದರು. ನಮ್ಮ ಒಂದೂವರೆ ಎಕರೆಗೆ ಅಂಚೇ ನಡು, ನಡುವೇ ಅಂಚು. ಮಳಿಗೆ ಬಂದರೆ ಅದರ ಹಿಂದೆ ಸಾಮಾನು ಇಳಿಸುವ ಜಾಗ, ಲಾರಿ ತಿರುಗುವ ಜಾಗ, ಕಸ ಹಾಕುವ ಜಾಗ ತಾವಾಗಿಯೇ ಬರುತ್ತವೆ. ಮಕ್ಕಳಿಗೆ ಉಳಿಯುವುದು ಗೋಡೆಯ ಬಿಸಿಲು. ಅದೂ ಅಲ್ಲದೆ, ಆ ತಾಯಿ ಕೊಟ್ಟದ್ದು ಬಾಡಿಗೆಗಲ್ಲ, ನೆರಳಿಗೆ. ದಾನ ಕೊಟ್ಟವರು ಈಗಿಲ್ಲವೆಂದು ದಾನದ ಮಾತೂ ಇಲ್ಲವಾಗುವುದಿಲ್ಲ.

ಇಲ್ಲಿ ನಾವೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ, ನಾವು ಇನ್ನೂ ಕೆಲಸದಲ್ಲಿದ್ದಾಗ, ಪಡುವಣ ಕೊಠಡಿಗಳ ಮುಂದೆ ಒಂದು ದೊಡ್ಡ ಹುಣಸೆಮರವಿತ್ತು. ಸೈಕಲ್ಲು ನಿಲ್ಲಿಸಲು ಚಪ್ಪರ ಹಾಕಬೇಕೆಂದೂ, ಮರ ಮಾರಿದ ಹಣ ಚಪ್ಪರಕ್ಕೆ ಸಾಕಾಗುವುದೆಂದೂ ಲೆಕ್ಕ ಹಾಕಿ, ಕಡಿಯಬೇಕೆಂದು ಸಭೆಯಲ್ಲಿ ಗಟ್ಟಿಯಾಗಿ ವಾದಿಸಿದವರು ನಾವೇ. ಲೆಕ್ಕ ಸರಿಯಾಗಿಯೇ ಇತ್ತು, ಚಪ್ಪರವೂ ಎದ್ದಿತು. ಮುಂದಿನ ಬೇಸಗೆಯಲ್ಲಿ ಮಧ್ಯಾಹ್ನದ ಎರಡು ಪಾಠಗಳನ್ನು ಆ ಕೊಠಡಿಗಳಲ್ಲಿ ನಡೆಸಲಾಗಲಿಲ್ಲ. ಮಕ್ಕಳು ಹಲಗೆಯನ್ನು ಬೀಸಣಿಗೆ ಮಾಡಿಕೊಂಡು ಕುಳಿತಿರುತ್ತಿದ್ದರು. ಚಪ್ಪರದ ತಗಡು ಇಂದು ತುಕ್ಕು ಹಿಡಿದಿದೆ. ಆ ಜಾಗದಲ್ಲಿ ನೆಟ್ಟ ಹೊಸ ಸಸಿ ಇನ್ನೂ ನಮ್ಮ ಭುಜದೆತ್ತರಕ್ಕೂ ಬಂದಿಲ್ಲ. ಮರದ ಬೆಲೆಯನ್ನು ಕಟ್ಟಿಗೆಯ ಬೆಲೆಯಿಂದ ಅಳೆದವರ ಲೆಕ್ಕ ಹೇಗೆ ತಪ್ಪುತ್ತದೆಂಬುದಕ್ಕೆ ನಾವೇ ಸಾಕ್ಷಿ.

ಬೇಡವೆಂದು ಹೇಳುವುದು ಸುಲಭ. ಹಣಕ್ಕೇನು ದಾರಿ ಎಂಬುದಕ್ಕೂ ಉತ್ತರ ಕೊಡಬೇಕು. ಇಷ್ಟು ಹೊತ್ತು ನೋಡಿದ ಉದಾಹರಣೆಗಳೇ ನಮಗೆ ದಾರಿ ತೋರಿಸುತ್ತವೆ. ಒಂದೇ ಕಾಲುವೆಯನ್ನು ನಂಬಿದ ತೋಟ ಒಣಗುತ್ತದೆ. ನಾಲ್ಕು ಕಾಲುವೆಗಳಿದ್ದರೆ ಒಂದು ಬತ್ತಿದರೂ ಮೂರು ಹರಿಯುತ್ತವೆ. ಮೊದಲನೆಯದು, ಪ್ರತಿ ಮನೆಯಿಂದ ತಿಂಗಳಿಗೆ 10 ರೂಪಾಯಿ ವಂತಿಗೆ. ಎರಡನೆಯದು, ಹೊಲದಲ್ಲಿರುವ ಹುಣಸೆ, ಹೊಂಗೆ, ತೆಂಗುಗಳ ಫಸಲನ್ನು ವರ್ಷಕ್ಕೊಮ್ಮೆ ಬಹಿರಂಗವಾಗಿ ಹರಾಜು ಹಾಕಿ ಬಂದ ಹಣ. ಮೂರನೆಯದು, ಊರು ಬಿಟ್ಟು ಮೈಸೂರು, ಬೆಂಗಳೂರು, ಕೊಯಮತ್ತೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಂದ ಒಂದು ಮೂಲಧನ. ಅದನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯನ್ನು ಮಾತ್ರ ಬಳಸಬೇಕು. ಇದೇ ಇಂದಿನ ಕೆರೆಗೊಡಗೆ. ನಾಲ್ಕನೆಯದು, ಸಂಜೆ ಮತ್ತು ರಜಾದಿನಗಳಲ್ಲಿ ಹೊಲವನ್ನು ಊರಿನವರೆಲ್ಲರಿಗೂ ತೆರೆದಿಟ್ಟು, ಅದಕ್ಕೆ ಪ್ರತಿಯಾಗಿ ಬೇಲಿಗೂ ಇಂಗುಗುಂಡಿಗೂ ಪಂಚಾಯಿತಿಯ ನೆರವನ್ನು ಕೇಳುವುದು.

ಈ ನಾಲ್ಕೂ ಕೂಡಿದರೂ ಎಂಟು ಮಳಿಗೆಗಳ ಬಾಡಿಗೆಗೆ ಸಮನಾಗದು. ಇದನ್ನು ನಾವು ಮರೆಮಾಚುವುದಿಲ್ಲ. ತೋಟದ ಖರ್ಚು ಇದರಿಂದ ನಡೆದೀತು. ಶಿಕ್ಷಕರ ಗೌರವಧನಕ್ಕೆ ಬೇರೆಯೇ ದುಡಿಯಬೇಕಾಗುತ್ತದೆ. ಅದಕ್ಕಾಗಿ ನಾವು ಈ ವಯಸ್ಸಿನಲ್ಲಿಯೂ ಜೋಳಿಗೆ ಹಿಡಿದು ಮನೆಮನೆಗೆ ಬರಲು ಸಿದ್ಧರಿದ್ದೇವೆ. ಈ ಶಾಲೆಯಾದರೂ ಎದ್ದದ್ದು ಹೇಗೆ? ಹಿಡಿ ಹಿಡಿ ರಾಗಿ ಕೂಡಿಸಿ ಅಲ್ಲವೇ? ಶಾಲೆಯೂ ತೋಟವೂ ಒಂದೇ ಜಾತಿಯವು. ಎರಡರಿಂದಲೂ ಕೈಗೆ ಲಾಭ ಬರುವುದಿಲ್ಲ. ಎರಡೂ ಇಲ್ಲದ ಊರು ಊರಾಗಿ ಉಳಿಯುವುದಿಲ್ಲ. ಒಂದನ್ನು ಮಾರಿ ಇನ್ನೊಂದನ್ನು ಸಾಕಬೇಕಾದ ಗತಿ ನಮಗೆ ಬರದಿರಲಿ.

ಸಂಘದ ಹಿರಿಯರಲ್ಲಿ ಇನ್ನೊಂದು ಬಿನ್ನಹ. ಈ ಹೊಲವನ್ನು ಮಕ್ಕಳ ಆಟಕ್ಕೂ ಊರಿನ ನೆರಳಿಗೂ ಹೊರತು ಬೇರೆ ಯಾವ ಉಪಯೋಗಕ್ಕೂ ಬಳಸಕೂಡದೆಂಬ ನಿರ್ಣಯವನ್ನು ಮಹಾಸಭೆಯಲ್ಲಿ ಮಂಡಿಸಿ, ವಕೀಲರ ಸಲಹೆ ಪಡೆದು, ನೋಂದಾಯಿತ ಪತ್ರವೊಂದನ್ನು ಮಾಡಿಸಬೇಕು. ನಾವು ಒಳ್ಳೆಯವರೇ, ನಮ್ಮ ನಂತರ ಬರುವವರೂ ಒಳ್ಳೆಯವರೇ ಆಗಿರಬಹುದು. ಆದರೆ ಒಳ್ಳೆಯವರಿಗೂ ಒಮ್ಮೊಮ್ಮೆ ಹಣದ ಮುಗ್ಗಟ್ಟು ಬರುತ್ತದೆ. ಹುಣಸೆಮರ ಕಡಿಸಿದ ದಿನ ನಾವೂ ಒಳ್ಳೆಯ ಉದ್ದೇಶದಿಂದಲೇ ಕೈಯೆತ್ತಿದ್ದೆವು.

ಕೊನೆಗೆ, ಮಕ್ಕಳೇ, ನಿಮಗೊಂದು ಮಾತು. ದೊಡ್ಡವರು ಹಣದ ಚಿಂತೆ ಮಾಡಲಿ. ನಿಮ್ಮ ಪಾಲಿಗೂ ಕೆಲಸವಿದೆ. ಮುಂದಿನ ಮಳೆಗಾಲದಲ್ಲಿ ಪ್ರತಿ ತರಗತಿಯೂ ಐದೈದು ಸಸಿಗಳನ್ನು ನೆಡಲಿ. ನೆಡುವ ದಿನ ಚಿತ್ರ ತೆಗೆಸಿಕೊಳ್ಳುವುದಕ್ಕಿಂತ, ಬರುವ ಏಪ್ರಿಲ್ ತಿಂಗಳಿನಲ್ಲಿ ಅವಕ್ಕೆ ಬಿಂದಿಗೆ ನೀರು ಹೊರುವುದು ದೊಡ್ಡ ಕೆಲಸ. ರಜೆಯಲ್ಲಿ ಯಾರು ಯಾವ ದಿನ ನೀರು ಹಾಕಬೇಕೆಂಬ ಪಟ್ಟಿಯನ್ನು ನೀವೇ ಬರೆದು ಗೋಡೆಗೆ ಅಂಟಿಸಿರಿ. ಏಳನೆಯ ತರಗತಿಯ ಆ ನಮ್ಮ ಪ್ರಶ್ನೆಗಾತಿ ಈಗ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾಳೆ. ಪಟ್ಟಿಯ ಮೊದಲನೆಯ ಹೆಸರು ಅವಳದಾಗಲಿ, ಎರಡನೆಯದು ನಮ್ಮದಾಗಲಿ. ಹುಣಸೆಮರದ ಸಾಲವನ್ನು ನಾವು ಇನ್ನೂ ತೀರಿಸಬೇಕಾಗಿದೆ.